ಸೀಸೆಯಲ್ಲಿ ಏನಿದೆ?

ಇಂಥ ವಸ್ತುವನ್ನು ಮಾರಕೂಡದೆಂದು ಸರಕಾರ ಕಟ್ಟು ಮಾಡಿದಾಗ ನಮ್ಮ ಮನಸ್ಸು ಕೂಡಲೇ ಎರಡರಲ್ಲಿ ಒಂದು ಪಕ್ಷವನ್ನು ಹಿಡಿದುಬಿಡುತ್ತದೆ. "ಒಳ್ಳೆಯದಾಯಿತು, ಮೋಸಗಾರರ ಅಂಗಡಿಗೆ ಬೀಗ ಬಿತ್ತು" ಎನ್ನುವುದು ಒಂದು ಪಕ್ಷ. "ನನ್ನ ದುಡ್ಡು, ನನ್ನ ಹೊಲ, ನನ್ನ ಮೈ, ನಡುವೆ ಇವರಾರು?" ಎನ್ನುವುದು ಇನ್ನೊಂದು. ಈ ಎರಡು ಪಕ್ಷಗಳೂ ಒಬ್ಬನೇ ಮನುಷ್ಯನಲ್ಲಿ ಯಾವ ಜಗಳವೂ ಇಲ್ಲದೆ ವಾಸಮಾಡಬಲ್ಲವು. ಬೇರೆಯವರು ಕೊಳ್ಳುವ ವಸ್ತುವಾದರೆ ನಾವು ಮೊದಲನೆಯ ಪಕ್ಷದವರು. ನಾವೇ ಕೊಳ್ಳುವ ವಸ್ತುವಾದರೆ ಎರಡನೆಯ ಪಕ್ಷದವರು. ಇಂಥ ಪ್ರಶ್ನೆಯನ್ನು ಆಕಾಶದಲ್ಲಿ ನಿಂತು ವಿಚಾರಿಸುವುದಕ್ಕಿಂತ ಯಾವುದಾದರೊಂದು ನೆಲದ ಮೇಲೆ ನಿಂತು ವಿಚಾರಿಸುವುದು ಲೇಸು. ನಾನು ಆರಿಸಿಕೊಂಡ ನೆಲ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳದು. ವಸ್ತು, ಅಲ್ಲಿನ ಗೊಬ್ಬರದಂಗಡಿಗಳಲ್ಲಿ "ಟಾನಿಕ್" ಎಂಬ ಒಂದೇ ಹೆಸರಿನಿಂದ ಕರೆಸಿಕೊಳ್ಳುವ, ಈಚೆಗೆ ವಿರಳವಾಗುತ್ತಿರುವ ಬಗೆಬಗೆಯ ಕಂದುಬಣ್ಣದ ದ್ರವಗಳು.

ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ನೆಲದ ಬಣ್ಣವೂ ಜನರ ಬೇಸಾಯವೂ ಬದಲಾಗುತ್ತ ಹೋಗುತ್ತವೆ. ಮೊದಲು ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ. ಆಮೇಲೆ ಎರೆ ಹೊಲ, ಹತ್ತಿ, ಮೆಣಸಿನಕಾಯಿ, ತೊಗರಿ. ಬದಲಾಗದೆ ಉಳಿಯುವುದು ಗೊಬ್ಬರ-ಔಷಧಿಯ ಅಂಗಡಿಗಳ ಸಾಲು. ಒಂದು ಊರಿನಲ್ಲಿ ಪುಸ್ತಕದ ಅಂಗಡಿ ಇಲ್ಲದಿರಬಹುದು, ಇವು ಇಲ್ಲದಿರುವುದಿಲ್ಲ. ಅಲ್ಲಿ ಮಾರುವವನೇ ಸಲಹೆಗಾರ. ಬಹಳ ಸಲ ಸಾಲ ಕೊಡುವವನೂ ಅವನೇ.

ಟಾನಿಕ್ಕುಗಳಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಪೆಪ್ಟೈಡುಗಳ ವಿಚಾರ. ಹೆಸರು ಹೊಸದೆನಿಸಿದರೂ ಪದಾರ್ಥ ನಮ್ಮ ಅಡಿಗೆಮನೆಗೆ ಹಳೆಯದೇ. ಪ್ರೋಟೀನು, ಎಂದರೆ ನಮ್ಮ ಹಳೆಯ ಪಠ್ಯಪುಸ್ತಕಗಳ ಸಸಾರಜನಕ, ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಆಮ್ಲದಲ್ಲಿ ಕುದಿಸಿಯೋ, ಕ್ಷಾರವನ್ನು ಬೆರೆಸಿಯೋ, ಕಿಣ್ವಗಳಿಂದಲೋ ಆ ಸರವನ್ನು ತುಂಡರಿಸಿದರೆ ಬಿಡಿ ಮಣಿಗಳೂ, ಮೂರು ಮಣಿ ಐದು ಮಣಿ ಹತ್ತು ಮಣಿಗಳ ತುಂಡುಗಳೂ ಸಿಗುತ್ತವೆ. ಈ ತುಂಡುಗಳೇ ಪೆಪ್ಟೈಡುಗಳು. ಗಿಡ ಇವನ್ನು ಎಲೆಯಿಂದಲೂ ಬೇರಿನಿಂದಲೂ ಒಂದಷ್ಟು ಹೀರಿಕೊಳ್ಳಬಲ್ಲದು. ಬಿಸಿಲು, ಬರ, ನೆಲದ ಸವುಳು ಮುಂತಾದ ಕಷ್ಟಗಳನ್ನು ತಾಳಿಕೊಳ್ಳುವುದಕ್ಕೆ ಇವು ನೆರವಾಗಬಹುದೆಂಬುದಕ್ಕೆ ಪ್ರಯೋಗಗಳ ಆಧಾರವೂ ಉಂಟು. ಸೋಯಾ ಹಿಂಡಿಯಿಂದ ಇವನ್ನು ತಯಾರಿಸಬಹುದು. ಚರ್ಮ ಹದಮಾಡುವ ಕಾರ್ಖಾನೆಯ ಚೂರುಗಳಿಂದ, ಕೋಳಿಯ ಪುಕ್ಕದಿಂದ, ಮೀನಿನ ಹುರುಪೆಯಿಂದಲೂ ತಯಾರಿಸಬಹುದು. ಆಮ್ಲದಲ್ಲಿ ಕುದಿಸಿದಾಗ ಟ್ರಿಪ್ಟೊಫಾನ್ ಎಂಬ ಮಣಿ ನಾಶವಾಗುತ್ತದೆ. ಕಿಣ್ವದಿಂದ ಮಾಡಿದಾಗ ಉಳಿಯುತ್ತದೆ. ಆದದ್ದರಿಂದ ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಸೀಸೆಗಳಲ್ಲಿ ಇರುವುದು ಒಂದೇ ವಸ್ತು ಎಂದು ಹೇಳುವಂತಿಲ್ಲ. ಒಂದರಲ್ಲಿ ಕೇವಲ ಬಣ್ಣದ ನೀರು ಇದ್ದರೂ ಕಣ್ಣಿಗೆ ತಿಳಿಯದು. ಮೂಗಿಗೆ ಕೊಂಚ ಗೊತ್ತಾದೀತು, ಅಷ್ಟೇ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಒಂದು ಟನ್ ಕಲ್ಲನ್ನು ಪುಡಿಮಾಡಿದರೆ ಅಲ್ಲಿ ದೊರೆಯುವ ಚಿನ್ನ ಕೆಲವೇ ಗ್ರಾಂ. ಅಷ್ಟನ್ನೂ ಬೆಂಕಿಯಲ್ಲಿ ಪರೀಕ್ಷಿಸಿ, ತೂಗಿ, ಬರೆದಿಡುತ್ತಾರೆ. ಅದೇ ತಾಲ್ಲೂಕಿನ ರೈತ ಹತ್ತಿಗೆಂದು ಕೊಂಡ ಸೀಸೆಯನ್ನು ಒರೆಗೆ ಹಚ್ಚುವ ಕಲ್ಲು ಬಹಳ ಕಾಲ ಯಾರ ಬಳಿಯೂ ಇರಲಿಲ್ಲ.

ಇರಲಿಲ್ಲವೆಂದು ಏಕೆ ಹೇಳುತ್ತೇನೆಂದರೆ, ಈ ಪದಾರ್ಥಗಳು ಕಾಯಿದೆಯ ದೃಷ್ಟಿಯಲ್ಲಿ ತ್ರಿಶಂಕುಗಳಾಗಿದ್ದವು. ಕೀಟವನ್ನು ಕೊಲ್ಲುವುದಿಲ್ಲವಾದ್ದರಿಂದ ೧೯೬೮ರ ಕೀಟನಾಶಕ ಕಾಯಿದೆಗೆ ಸೇರಲಿಲ್ಲ. ಗೊಬ್ಬರವಲ್ಲವಾದ್ದರಿಂದ ೧೯೮೫ರ ರಸಗೊಬ್ಬರ ನಿಯಂತ್ರಣ ಆಜ್ಞೆಗೂ ಸೇರಲಿಲ್ಲ. ೨೦೨೧ರ ಫೆಬ್ರುವರಿ ೨೩ರಂದು ಕೇಂದ್ರ ಸರಕಾರ ಆ ಆಜ್ಞೆಯನ್ನು ತಿದ್ದಿ "ಜೈವಿಕ ಉತ್ತೇಜಕ" ಎಂಬ ಹೊಸ ವರ್ಗವನ್ನು ಸೇರಿಸಿತು. ಸಸ್ಯಸಾರ, ಕಡಲಪಾಚಿಯ ಸಾರ, ಹ್ಯೂಮಿಕ್ ಆಮ್ಲ, ಜೀವಸತ್ವ, ತುಂಡರಿಸಿದ ಪ್ರೋಟೀನು ಮುಂತಾದ ಎಂಟು ಬಗೆ. ಮಾರಬೇಕಾದರೆ ಮೂಲ ಯಾವುದು ಎಂದು ಹೇಳಬೇಕು. ವಿಷಪರೀಕ್ಷೆಯ ವಿವರ ಕೊಡಬೇಕು. ಕೃಷಿ ವಿಶ್ವವಿದ್ಯಾಲಯದಂಥ ಕಡೆ, ಮೂರು ಬೇರೆ ಬೇರೆ ಹವೆಯ ನೆಲಗಳಲ್ಲಿ, ಕಡೆಯ ಪಕ್ಷ ಒಂದು ಹಂಗಾಮು ಬೆಳೆಗೆ ಕೊಟ್ಟು ಫಲವನ್ನು ತೋರಿಸಬೇಕು. ಒಳಗೆ ಕದ್ದು ಕೀಟನಾಶಕ ಬೆರೆಸಿರಕೂಡದು. ಮೊದಲಿನಿಂದ ಮಾರುತ್ತಿದ್ದವರಿಗೆ ತಾತ್ಕಾಲಿಕ ಪರವಾನಗಿ ಕೊಟ್ಟು, ಅದನ್ನು ಮತ್ತೆ ಮತ್ತೆ ಮುಂದೂಡಿ, ಕಡೆಗೆ ೨೦೨೫ರ ಜೂನ್ ೧೬ಕ್ಕೆ ನಿಲ್ಲಿಸಿದರು. ಮುಂದಿನ ತಿಂಗಳು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರು ಕೊಟ್ಟ ಲೆಕ್ಕ ಹೀಗಿದೆ: ವರ್ಷಗಳ ಕಾಲ ಯಾವ ತಡೆಯೂ ಇಲ್ಲದೆ ಸುಮಾರು ೩೦,೦೦೦ ಸರಕುಗಳು ಮಾರಾಟವಾಗುತ್ತಿದ್ದವು, ಕಳೆದ ನಾಲ್ಕು ವರ್ಷಗಳಲ್ಲಿಯೂ ೮,೦೦೦ದಷ್ಟು ಪೇಟೆಯಲ್ಲಿದ್ದವು, ಈಗ ಉಳಿದಿರುವುದು ಸುಮಾರು ೬೫೦.

ಮೂವತ್ತು ಸಾವಿರದಿಂದ ಆರುನೂರ ಐವತ್ತಕ್ಕೆ! ಈ ಅಂಕಿಯನ್ನು ಓದಿದ ನಗರವಾಸಿ ವಾಚಕರು ಮೊದಲನೆಯ ಪಕ್ಷಕ್ಕೆ ಸೇರಿ ಚಪ್ಪಾಳೆ ತಟ್ಟುವುದು ಸಹಜ. ನನಗೂ ಹಾಗೆಯೇ ಅನಿಸಿತು. ಆದರೆ ಸಿಂಧನೂರಿನ ಬಳಿಯ ಒಬ್ಬ ಹಿರಿಯ ರೈತರೊಂದಿಗೆ ಈ ವಿಷಯ ಮಾತಾಡಿದ ಮೇಲೆ ಪ್ರಶ್ನೆ ಅಷ್ಟು ಸರಳವಾಗಿ ಉಳಿಯಲಿಲ್ಲ. ಅವರು ಭತ್ತಕ್ಕೆ ಮೂರು ವರ್ಷ ಇಂಥದೊಂದು ಟಾನಿಕ್ಕನ್ನು ಹೊಡೆದವರು. ಈಗ ಅದು ಅಂಗಡಿಯಲ್ಲಿಲ್ಲ.

"ಗುಣ ಇತ್ತೇನು ಅದರಲ್ಲಿ?" ಎಂದು ಕೇಳಿದೆ.

"ನೋಡ್ರಿ ಸರ, ಹೊಡದ ಮ್ಯಾಲ ಹಸುರು ಬಂತು. ಆ ಹಸುರು ಟಾನಿಕ್‌ನಿಂದ ಬಂತೋ, ಅದರ ಮುಂಚೆ ಹಾಕಿದ ಯೂರಿಯಾದಿಂದ ಬಂತೋ, ಯಾರಿಗ್ಗೊತ್ತು? ಆದ್ರ ಬಾಜೂದವ ಹೊಡದಾಗ ನಾ ಹೊಡೀದೆ ಕುಂದರಾಕ ಧೈರ್ಯ ಸಾಲೂದಿಲ್ರಿ. ನಾಳೆ ಅವನ ಗದ್ದಿ ಚೊಲೋ ಬಂದು ನಂದು ಕೆಟ್ರ, ಮನ್ಯಾಗ ಏನ್ ಹೇಳ್ಲಿ?"

ಈ ಮಾತಿನಲ್ಲಿರುವ ವಿವೇಕವನ್ನು ನಾನು ಯಾವ ಗ್ರಂಥದಲ್ಲಿಯೂ ಇಷ್ಟು ಚಿಕ್ಕದಾಗಿ ಕಂಡಿಲ್ಲ. ಅವರು ಮೋಸಹೋದವರಲ್ಲ, ತಮಗೆ ಏನು ಗೊತ್ತಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ. ಒಂದೇ ಗದ್ದೆ, ಒಂದೇ ಹಂಗಾಮು. ಹೊಡೆದರೆ ಹೊಡೆಯದಿದ್ದರೆ ಏನಾಗುತ್ತಿತ್ತೆಂಬುದು ಕಾಣದು, ಹೊಡೆಯದಿದ್ದರೆ ಹೊಡೆದಿದ್ದರೆ ಏನಾಗುತ್ತಿತ್ತೆಂಬುದು ಕಾಣದು. ಔಷಧ ಕುಡಿದ ರೋಗಿಯ ಸ್ಥಿತಿಯೂ ಇದೇ ಅಲ್ಲವೆ? ನೆಗಡಿ ಕಷಾಯದಿಂದ ಹೋಯಿತೋ ಏಳು ದಿನ ಕಳೆದದ್ದರಿಂದ ಹೋಯಿತೋ ಎಂದು ಒಬ್ಬನೇ ರೋಗಿ ಎಂದಿಗೂ ತೀರ್ಮಾನಿಸಲಾರ. ಇಂಥ ವಿಷಯದಲ್ಲಿ ತಿಳಿವಳಿಕೆಯೆಂಬುದು ಒಬ್ಬೊಬ್ಬನ ಗಳಿಕೆಯಾಗಲಾರದು. ಹಲವರು ಕೂಡಿ, ಕೆಲವು ಸಾಲಿಗೆ ಹಾಕಿ ಕೆಲವು ಸಾಲಿಗೆ ಬಿಟ್ಟು, ತೂಗಿ, ಹೋಲಿಸಿ ಗಳಿಸಬೇಕಾದದ್ದು. "ನನ್ನ ದುಡ್ಡು, ನನ್ನ ತೀರ್ಮಾನ" ಎಂಬ ವಾದ ಇಲ್ಲಿ ಸೋಲುತ್ತದೆ. ತೀರ್ಮಾನಿಸುವುದಕ್ಕೆ ಬೇಕಾದ ಸಾಮಗ್ರಿಯೇ ಒಬ್ಬ ಕೊಳ್ಳುವವನ ಕೈಗೆ ಸಿಗುವ ಜಾತಿಯದಲ್ಲ.

ಇದು ಹಳ್ಳಿಯವರ ಪಾಡು ಎಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದಂಥ ದೇಶದಲ್ಲಿ ಓದುಬರಹ ಬಲ್ಲ, ಕೈತುಂಬ ಸಂಬಳ ತರುವ ಜನ ಪೆಪ್ಟೈಡುಗಳನ್ನೇ ಚಿಕ್ಕ ಗಾಜಿನ ಸೀಸೆಗಳಲ್ಲಿ ಕೊಂಡು ತಮ್ಮ ಮೈಗೆ ತಾವೇ ಚುಚ್ಚಿಕೊಳ್ಳುತ್ತಾರೆ. ಗಾಯ ಬೇಗ ಮಾಯಲೆಂದೋ, ಸ್ನಾಯು ಬೆಳೆಯಲೆಂದೋ, ಮುಪ್ಪು ತಡವಾಗಲೆಂದೋ. ಸೀಸೆಯ ಮೇಲೆ "ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ" ಎಂದು ಅಚ್ಚುಹಾಕಿರುತ್ತದೆ. ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು, ಆ ಬರೆಹ ಇಬ್ಬರಿಗೂ ಸಂಬಂಧಿಸಿದ್ದಲ್ಲ, ಕಾಯಿದೆಯನ್ನು ಕುರಿತು ಆಡಿದ ಮಾತು ಎಂದು. ಬಿಪಿಸಿ-೧೫೭ ಎಂಬಂಥ ಕೆಲವು ಪೆಪ್ಟೈಡುಗಳನ್ನು ೨೦೨೩ರಲ್ಲಿ ಅಲ್ಲಿನ ಔಷಧ ಇಲಾಖೆ, ಔಷಧಿ ಬೆರೆಸಿ ಕೊಡುವ ಅಂಗಡಿಗಳ ಮಟ್ಟಿಗೆ, ಸುರಕ್ಷತೆಯ ಶಂಕೆಯುಳ್ಳವೆಂದು ಬೇರೆಯಾಗಿ ಪಟ್ಟಿಮಾಡಿದಾಗ ದೊಡ್ಡ ಗದ್ದಲವೇ ಎದ್ದಿತು. ನಾನು ಆ ಗದ್ದಲದ ಪರಿಚಯ ಮಾಡಿಕೊಂಡದ್ದರಲ್ಲಿ ಸಿಂಧನೂರಿನ ರೈತರಷ್ಟು ಪ್ರಾಮಾಣಿಕವಾಗಿ "ಯಾರಿಗ್ಗೊತ್ತು?" ಎಂದವರು ವಿರಳ.

ಆದರೆ ಇಲ್ಲಿಗೂ ಅಲ್ಲಿಗೂ ಒಂದು ಅಂತರ ಉಂಟು, ಅದನ್ನು ಮರೆಯಬಾರದು. ಅಲ್ಲಿನದು ಇಬ್ಬರೂ ಒಪ್ಪಿ ಆಡಿದ ಸುಳ್ಳು. ಇಲ್ಲಿನದು ಒಬ್ಬನಿಗೆ ಒಪ್ಪದೆ ಗತ್ಯಂತರವಿಲ್ಲದ ಸುಳ್ಳು. ಯೂರಿಯಾಕ್ಕೆ ಜನ ಸಾಲುನಿಂತಿರುವಾಗ ಅಂಗಡಿಯವನು "ಎರಡು ಚೀಲ ಬೇಕಾದರೆ ಇದೊಂದು ಸೀಸೆಯನ್ನೂ ಒಯ್ಯಬೇಕು" ಎನ್ನುವುದು ದೇಶದಲ್ಲೆಲ್ಲ ಕೇಳಿಬಂದ ದೂರು. ೨೦೨೫ರ ಜುಲೈಯಲ್ಲಿ ಕೇಂದ್ರದ ಕೃಷಿ ಸಚಿವರೇ ಎಲ್ಲ ಮುಖ್ಯಮಂತ್ರಿಗಳಿಗೆ ಕಾಗದ ಬರೆದು ಈ ಬಲವಂತದ ಮಾರಾಟವನ್ನು ನಿಲ್ಲಿಸಿ ಎಂದು ಹೇಳಬೇಕಾಯಿತು. ಉದ್ರಿ ಸಾಮಾನು ಒಯ್ದು ಸುಗ್ಗಿಯಲ್ಲಿ ತೀರಿಸುವ ರೈತನಿಗೆ ಸಾಲದ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿತೆಂದರೆ ಅದನ್ನು ಒಪ್ಪಿಗೆ ಎನ್ನುವುದೆ? ಸ್ವಾತಂತ್ರ್ಯದ ಮಾತು ಆಡಬೇಕಾದರೆ ಬೇಡವೆನ್ನುವ ಸ್ವಾತಂತ್ರ್ಯವೂ ಅದರಲ್ಲಿ ಇರಬೇಕು.

ಕಟ್ಟಳೆಯನ್ನು ಸಡಿಲಬಿಟ್ಟರೆ ಏನಾಗುತ್ತದೆಂಬುದಕ್ಕೆ ಈ ಸೀಮೆಯವರಿಗೆ ಹೊರಗಿನ ಉದಾಹರಣೆ ಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ಯೋಚಿಸಿದವರು ಬರಗಾಲದ ಸೀಮೆಗೆ ನೀರನ್ನು ತೆಳ್ಳಗೆ, ಅಗಲವಾಗಿ ಹರಡಬೇಕೆಂದಿದ್ದರು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದನ್ನು ಕಾಗದದ ಮೇಲೆ ಗೊತ್ತುಮಾಡಿದರು. ಹೆಚ್ಚು ನೆಲಕ್ಕೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ, ಭತ್ತಕ್ಕೆ ಸ್ವಲ್ಪ. ೧೯೫೩ರಲ್ಲಿ ನೀರು ಹರಿಯಿತು. ಕಾಗದ ಕಚೇರಿಯಲ್ಲಿ ಉಳಿಯಿತು. ಮೇಲ್ಭಾಗದಲ್ಲಿ, ನೀರು ಕೈಗೆ ಸಿಕ್ಕಿದ ಕಡೆಯೆಲ್ಲ, ಭತ್ತ ಹಬ್ಬಿತು. ಸಿಂಧನೂರು ಭತ್ತದ ಕಣಜವಾಯಿತು, ಸಂತೋಷವೇ. ಆದರೆ ಮೇಲೆ ಒಬ್ಬ ಎರಡು ಬೆಳೆ ತೆಗೆದರೆ ಕೆಳಭಾಗದಲ್ಲಿ ಇನ್ನೊಬ್ಬ ಒಂದು ಬೆಳೆಗೂ ಆಕಾಶ ನೋಡಬೇಕು. ಕೆಳಭಾಗದ ರೈತರು ನೀರಿಗಾಗಿ ರಸ್ತೆಗೆ ಇಳಿಯುವುದು ವರ್ಷ ವರ್ಷದ ಸುದ್ದಿ. ಕಟ್ಟಳೆ ಸತ್ತ ಜಾಗದಲ್ಲಿ ಸ್ವಾತಂತ್ರ್ಯ ಹುಟ್ಟುತ್ತದೆ ಎಂದು ತಿಳಿದವರು ಕಾಲುವೆಯ ಮೇಲ್ಭಾಗವನ್ನಷ್ಟೇ ನೋಡಿದವರು. ಆ ಕಟ್ಟಳೆ ಏಕೆ ಸತ್ತಿತು? ಅಕ್ರಮ, ವಶೀಲಿ, ಲಾಭ ಎಲ್ಲವೂ ಉಂಟು. ಅದರ ಜೊತೆಗೆ ಇನ್ನೊಂದನ್ನೂ ಹೇಳಬೇಕು: ನಿನ್ನ ಹೊಲಕ್ಕೆ ಜೋಳವೇ ಏಕೆ, ಪಕ್ಕದ ನಂಬರಿಗೆ ಭತ್ತವೇಕೆ ಎಂಬುದನ್ನು ರೈತನ ಮುಂದೆ ಕುಳಿತು ಮನಗಾಣಿಸುವ ಕೆಲಸ ಕಾಗದದ ಕೈಯಿಂದ ಆಗುವಂಥದಲ್ಲ. ಕಾರಣ ತಿಳಿಯದ ಕಟ್ಟಳೆ ನೀರಿನ ಮುಂದಿನ ಮಣ್ಣಿನ ಒಡ್ಡು.

ಇದು ನನ್ನನ್ನು ಟಾನಿಕ್ಕಿನ ಅಂಗಡಿಗೇ ಹಿಂದಿರುಗಿಸುತ್ತದೆ. ಅಂಗಡಿಯವರೊಬ್ಬರನ್ನು ಕೇಳಿದೆ: "ಹೋದ ವರ್ಷ ಇಲ್ಲಿದ್ದದ್ದು ಈಗ ಏಕಿಲ್ಲ?" ಅವರು ಕೊಟ್ಟ ಉತ್ತರ, "ಬಂದ್ ಆಗ್ಯಾವ್ರಿ." ಅಷ್ಟೇ. ಏಕೆ ಬಂದ್ ಆದವೆಂಬುದು ಅವರಿಗೂ ತಿಳಿಯದು. ಯೋಚಿಸಿ ನೋಡಿದರೆ ಒಂದು ಸೀಸೆ ಕಾಣೆಯಾಗುವುದಕ್ಕೆ ಹಲವು ಕಾರಣಗಳಿರಬಹುದು. ಒಳಗೆ ಇದೆಯೆಂದು ಹೇಳಿದ್ದು ಇಲ್ಲದೆ ಇದ್ದಿರಬಹುದು. ಇರಬಾರದ ವಿಷ ಇದ್ದಿರಬಹುದು. ಅಥವಾ ವಸ್ತು ಒಳ್ಳೆಯದೇ ಆಗಿದ್ದು, ಮೂರು ಕಡೆ ಪ್ರಯೋಗ ಮಾಡಿಸಿ, ವಿಷಪರೀಕ್ಷೆಗಳ ವೆಚ್ಚ ಭರಿಸಿ, ದೆಹಲಿಯ ಕಡತ ಮುಂದೆ ಸಾಗುವಂತೆ ಕಾದು ಕೂಡುವ ಶಕ್ತಿ ಸಣ್ಣ ತಯಾರಕನಿಗೆ ಇಲ್ಲದೆ ಹೋಗಿರಬಹುದು. ಪುರಾವೆ ಕೊಡದವನೆಲ್ಲ ಸುಳ್ಳುಗಾರನಲ್ಲ, ಕೆಲವರು ಬಡವರು. ಇಪ್ಪತ್ತೊಂಬತ್ತು ಸಾವಿರ ಚಿಲ್ಲರೆ ಹೆಸರುಗಳಲ್ಲಿ ಇಂಥವು ಎಷ್ಟಿದ್ದವೋ! ಜರಡಿ ಹಿಡಿದಾಗ ಹೊಟ್ಟಿನ ಜೊತೆ ನಾಲ್ಕು ಕಾಳೂ ಹೋಗುವುದನ್ನು ಯಾವ ಗೃಹಿಣಿಯೂ ಬಲ್ಲಳು. ಆದರೆ ಆಕೆ ಹೊಟ್ಟನ್ನು ಚೆಲ್ಲುವ ಮುನ್ನ ಒಮ್ಮೆ ಕೈಯಾಡಿಸಿ ನೋಡುತ್ತಾಳೆ. ಸಣ್ಣ ತಯಾರಕರ ಪ್ರಯೋಗದ ಖರ್ಚಿನಲ್ಲಿ ಒಂದು ಪಾಲನ್ನು ಸರಕಾರವೇ ಹೊರುವುದು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಂಥ ಸಂಸ್ಥೆ ತಾನೇ ಮುಂದಾಗಿ ಕೆಲವನ್ನು ಆರಿಸಿ ಪರೀಕ್ಷಿಸುವುದು ಆಗದ ಕೆಲಸವೇನಲ್ಲ. ಪರೀಕ್ಷೆ ಸಾರ್ವಜನಿಕ ಹಿತವೆಂದ ಮೇಲೆ ಅದರ ವೆಚ್ಚವನ್ನೆಲ್ಲ ಅರ್ಜಿದಾರನ ಕೈಚೀಲಕ್ಕೆ ಬಿಡುವುದು, ಪೇಟೆಯನ್ನು ದೊಡ್ಡ ಕಂಪನಿಗಳ ಕೈಗೆ ಒಪ್ಪಿಸುವುದಕ್ಕೆ ಸಮ.

ಇವೆಲ್ಲಕ್ಕಿಂತ ಬೇರೆಯಾದ ಇನ್ನೊಂದು ಕಾರಣ ೨೦೨೫ರ ಸೆಪ್ಟೆಂಬರ್ ಕೊನೆಯಲ್ಲಿ ಹುಟ್ಟಿಕೊಂಡಿತು. ಪ್ರಾಣಿಮೂಲದ ಪ್ರೋಟೀನಿನಿಂದ ತಯಾರಾದ ೧೧ ಉತ್ತೇಜಕಗಳಿಗೆ ಕೊಟ್ಟಿದ್ದ ಮನ್ನಣೆಯನ್ನು ಕೇಂದ್ರ ಸರಕಾರ ಹಿಂದಕ್ಕೆ ತೆಗೆದುಕೊಂಡಿತು. ಭತ್ತ, ಹತ್ತಿ, ಮೆಣಸಿನಕಾಯಿ, ಟೊಮ್ಯಾಟೊ ಮುಂತಾದ ಬೆಳೆಗಳಿಗೆಂದು ಗೊತ್ತುಮಾಡಿದ್ದವು ಇವು. ಕೋಳಿಪುಕ್ಕ, ಹಂದಿಯ ಅಂಗಾಂಶ, ಹಸುವಿನ ಚರ್ಮ, ಮೀನಿನ ಹುರುಪೆ ಇವುಗಳ ಮೂಲ. ಧಾರ್ಮಿಕ ಭಾವನೆ ಮತ್ತು ಆಹಾರದ ಕಟ್ಟುಪಾಡುಗಳು ಕಾರಣವೆಂದು ವರದಿಯಾಯಿತು. ಇವು ಕಳ್ಳದಾರಿಯಲ್ಲಿ ಬಂದ ಸೀಸೆಗಳಲ್ಲ. ಸರಕಾರವೇ ಪಟ್ಟಿಗೆ ಸೇರಿಸಿದ್ದವು. ಸುಳ್ಳಿನ ಜರಡಿಯನ್ನು ದಾಟಿ ಬಂದವು ಇನ್ನೊಂದು ಜರಡಿಯಲ್ಲಿ ಸಿಕ್ಕಿಬಿದ್ದವು.

ಇಲ್ಲಿ ವಿಜ್ಞಾನದ ಹೆಸರಿನಲ್ಲಿ ಭಾವನೆಯನ್ನು ಗೇಲಿಮಾಡುವುದು ಸುಲಭ. ಹೊಲ ಎಂದಿನಿಂದಲೂ ಎಲ್ಲವನ್ನೂ ತಿಂದಿದೆಯಲ್ಲ! ಸಗಣಿ, ಗಂಜಳ, ಮೂಳೆಯ ಪುಡಿ, ಮೀನಿನ ಗೊಬ್ಬರ, ಸತ್ತ ಹುಳು. ಮಡಿವಂತರ ಮನೆಯ ಅನ್ನವೂ ಆ ಮಣ್ಣಿನಿಂದಲೇ ಎದ್ದದ್ದು. ಆದರೆ ಈ ವಾದ ಪೂರ್ತಿ ಸರಿಯಲ್ಲ. ಮಣ್ಣಿಗೆ ಬಿದ್ದದ್ದು ಮಣ್ಣಾಗುತ್ತದೆ. ಗಿಡ ಅದನ್ನು ಮೂಳೆಯಾಗಿ ಸ್ವೀಕರಿಸುವುದಿಲ್ಲ. ನಾಳೆ ಕೊಯ್ಯುವ ಮೆಣಸಿನಕಾಯಿಯ ಮೇಲೆ ಇಂದು ಸಿಂಪಡಿಸಿದ್ದು ಮೆಣಸಿನಕಾಯಿಯ ಮೇಲೆಯೇ ಇರಬಹುದು. ಯುರೋಪಿನ ಸಾವಯವ ಬೇಸಾಯದ ನಿಯಮಗಳೂ ಪ್ರಾಣಿಮೂಲದ ಇಂಥ ಪದಾರ್ಥವನ್ನು ಗಿಡದ ತಿನ್ನುವ ಭಾಗಕ್ಕೆ ತಗಲಿಸಕೂಡದೆನ್ನುತ್ತವೆ. ಅಲ್ಲದೆ, ತಾನು ಮುಟ್ಟದ ವಸ್ತು ತನ್ನ ತಟ್ಟೆಗೆ ತನಗೆ ತಿಳಿಯದಂತೆ ಬರಬಾರದೆಂದು ಒಬ್ಬ ಜೈನನೋ ಲಿಂಗಾಯತನೋ ಮುಸಲ್ಮಾನನೋ ಬಯಸಿದರೆ, ಆ ಬಯಕೆಗೆ ರಸಾಯನಶಾಸ್ತ್ರದ ಅಪ್ಪಣೆ ಬೇಕಾಗಿಲ್ಲ. ತುಂಡಾದ ಸರದಲ್ಲಿ ಹಸು ಎಲ್ಲಿ, ಹಂದಿ ಎಲ್ಲಿ ಎಂದು ಅವನನ್ನು ಕೇಳುವುದು ಜಾಣತನವೇ ಹೊರತು ಮರ್ಯಾದೆಯಲ್ಲ.

ಹಾಗೆಂದು ತೆಗೆದುಹಾಕುವುದೊಂದೇ ದಾರಿಯಾಗಿತ್ತೆ? ಸಿಂಧನೂರು ತಾಲ್ಲೂಕನ್ನೇ ನೋಡಿ. ಅಲ್ಲಿ ಮಾಂಸ ಮುಟ್ಟದವರಿದ್ದಾರೆ. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿ ಭತ್ತ ಬೆಳೆದವರಿದ್ದಾರೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಿವೆ, ಅವರ ಮನೆಗಳಲ್ಲಿ ಮೀನು ನಿತ್ಯದ ಅನ್ನದ ಸಂಗಾತಿ. ಮೀನಿನ ಹುರುಪೆಯಿಂದ ಮಾಡಿದ ಗಿಡದ ಔಷಧಿ ಇವರಲ್ಲಿ ಒಬ್ಬರ ಭಾವನೆಗೆ ನೋವು, ಇನ್ನೊಬ್ಬರಿಗೆ ಏನೂ ಅಲ್ಲ. ಹತ್ತಿಯನ್ನಂತೂ ಯಾರೂ ತಿನ್ನುವುದಿಲ್ಲ. ತಿನ್ನುವ ಬೆಳೆ, ತಿನ್ನದ ಬೆಳೆ ಎಂದು ಬೇರ್ಪಡಿಸಬಹುದಾಗಿತ್ತು. ಬಿಸ್ಕತ್ತಿನ ಪೊಟ್ಟಣಕ್ಕೆ ಹಸಿರು ಗುರುತು ಹಾಕುವ ದೇಶದಲ್ಲಿ ಸೀಸೆಗೆ ಒಂದು ಕಂದು ಗುರುತು ಹಾಕುವುದು ಅಸಾಧ್ಯವಾಗಿರಲಿಲ್ಲ. ಹೇಳಿದ್ದರೆ ಸಾಕಿತ್ತೆನ್ನುವಲ್ಲಿ ತೆಗೆದುಹಾಕಿದರು ಎಂಬುದು ನನ್ನ ಅಭಿಪ್ರಾಯ. ಸೀಸೆಯ ಗುರುತನ್ನು ರೈತ ನೋಡಿಯಾನು, ಆದರೆ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವಳಿಗೆ ಅದು ಕಾಣುವುದಿಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ, ಆ ಆಕ್ಷೇಪ ತೂಕವುಳ್ಳದ್ದೆಂದು ಒಪ್ಪುತ್ತೇನೆ. ಅದಕ್ಕೆ ನನ್ನಲ್ಲಿ ಪೂರ್ಣವಾದ ಸಮಾಧಾನವಿಲ್ಲ. ತಿನ್ನುವ ಬೆಳೆಗೆ ತಡೆ ಇರಲಿ, ಹತ್ತಿಗೆ ಬೇಡ ಎಂಬಲ್ಲಿಗೆ ನಾನು ಬಂದು ನಿಲ್ಲುತ್ತೇನೆ.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ತಡೆಯಲ್ಲ, ಅದರ ಮೌನ. ಸುಳ್ಳಾದ್ದರಿಂದ ಹೋದ ಸೀಸೆ, ವಿಷವಾದ್ದರಿಂದ ಹೋದ ಸೀಸೆ, ಬಡತನದಿಂದ ಹೋದ ಸೀಸೆ, ಪುಕ್ಕವಾದ್ದರಿಂದ ಹೋದ ಸೀಸೆ, ನಾಲ್ಕೂ ಅಂಗಡಿಯ ಅಟ್ಟದ ಮೇಲೆ ಬಿಟ್ಟುಹೋಗುವುದು ಒಂದೇ ಬಗೆಯ ಖಾಲಿ ಜಾಗವನ್ನು. ಮೂರು ವರ್ಷ ತಾನು ಹೊಡೆದದ್ದು ನೀರೋ ನಂಜೋ ಎಂದು ಆ ಹಿರಿಯ ರೈತರಿಗೆ ತಿಳಿಯುವ ಹಕ್ಕಿಲ್ಲವೆ? ತಿಳಿದುಕೊಳ್ಳುವ ಕೆಲಸವನ್ನು ಅವರ ಪರವಾಗಿ ಸರಕಾರ ವಹಿಸಿಕೊಂಡಿದೆ ಎಂದು ನಾನು ಮೇಲೆ ಸಮರ್ಥಿಸಿದೆ. ಹಾಗೆ ವಹಿಸಿಕೊಂಡವರು ತಿಳಿದದ್ದನ್ನು ಹೇಳದೆ ಬರಿಯ ಸೀಸೆಯನ್ನು ಎತ್ತಿಕೊಂಡು ಹೋದರೆ, ರೈತನ ಕೈಯಲ್ಲಿ ಉಳಿಯುವುದು ಮೊದಲಿನ ಅಜ್ಞಾನವೇ. ಅದರ ಮೇಲೆ ನಾಳೆ ಇನ್ನೊಬ್ಬ ಇನ್ನೊಂದು ಹೆಸರಿನ ಸೀಸೆ ತಂದು ಮಾರಬಹುದು. ಅವನನ್ನು ತಡೆಯುವ ಬಲ ಅಧಿಕಾರಿಗೆ ಇದ್ದೀತು, ರೈತನಿಗೆ ಬರಲಿಲ್ಲ.

ಈ ದಾರಿಯ ನಡುವೆಯೇ ಮಸ್ಕಿ ಇದೆ. ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಅಲ್ಲಿನ ಬಂಡೆಯ ಮೇಲೆ ಕಂಡ ಬರೆಹದಲ್ಲಿ ಅಶೋಕನ ಹೆಸರು ಇದ್ದುದರಿಂದ, ಅದುವರೆಗೆ "ದೇವಾನಾಂಪ್ರಿಯ" ಎಂಬ ಬಿರುದಿನಿಂದ ಮಾತ್ರ ತಿಳಿದಿದ್ದ ಶಾಸನಕರ್ತ ಯಾರೆಂಬುದು ಸ್ಥಿರವಾಯಿತು. ಚರಿತ್ರೆಯವರಿಗೆ ಮುಖ್ಯವಾದದ್ದು ಆ ಹೆಸರು. ನನಗೆ ಹಿಡಿಸುವುದು ಅದರ ಧಾಟಿ. ತಾನು ಉಪಾಸಕನಾಗಿ ಎಷ್ಟು ಕಾಲವಾಯಿತು, ಶ್ರದ್ಧೆ ಕುದುರಿ ಎಷ್ಟು ಕಾಲವಾಯಿತು ಎಂಬುದನ್ನು ರಾಜ ಲೆಕ್ಕಹಾಕಿ ಹೇಳುತ್ತಾನೆ. ಈ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ತಿಳಿಸಿ ಎನ್ನುತ್ತಾನೆ. ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅವನ ದೊಡ್ಡ ಶಾಸನಗಳಿವೆ. ಅವುಗಳಲ್ಲಿ ಒಂದು ಪ್ರಾಣಿವಧೆಯನ್ನು ತಡೆಯುವಂಥದು. ಅದರಲ್ಲಿಯೇ ತನ್ನ ಅಡಿಗೆಮನೆಗೆ ಇನ್ನೂ ಎರಡು ನವಿಲೂ ಒಂದು ಜಿಂಕೆಯೂ ಬರುತ್ತಿವೆ, ಜಿಂಕೆ ಎಲ್ಲ ದಿನವೂ ಇಲ್ಲ, ಮುಂದೆ ಅವೂ ನಿಲ್ಲುತ್ತವೆ ಎಂದು ಅಂಕಿಸಂಖ್ಯೆ ಸಮೇತ ಹೇಳಿಕೊಂಡಿದ್ದಾನೆ. ಇನ್ನೊಂದರಲ್ಲಿ ಮನುಷ್ಯರಿಗೂ ಪಶುಗಳಿಗೂ ಬೇಕಾದ ಔಷಧದ ಗಿಡಮೂಲಿಕೆಗಳು ಇಲ್ಲದ ಕಡೆ ತರಿಸಿ ನೆಡಿಸಿದ್ದೇನೆ ಎಂದಿದ್ದಾನೆ. ತಡೆಯ ಪಕ್ಕದಲ್ಲಿ ಒದಗಿಸುವ ಮಾತು. ಅಪ್ಪಣೆಯ ಒಳಗೆ ಅಪ್ಪಣೆ ಮಾಡಿದವನ ಪಾಡು. ಅವನ ರಾಜ್ಯದಲ್ಲಿ ಎಲ್ಲವೂ ಹೀಗೆಯೇ ನಡೆಯಿತೆಂದು ನಂಬುವಷ್ಟು ಸಾಧು ನಾನಲ್ಲ. ಬಂಡೆಗೆ ಅಧಿಕಾರಿಗಳ ಕಷ್ಟ ತಿಳಿಯದು. ಆದರೂ ಒಂದು ಹೋಬಳಿಯ ರೈತ ಸಂಪರ್ಕ ಕೇಂದ್ರದ ಗೋಡೆಗೆ, ಈ ಸೀಸೆ ಹೋಯಿತು, ಈ ಕಾರಣಕ್ಕೆ ಹೋಯಿತು, ಅದರ ಬದಲು ಇದು ಪರೀಕ್ಷೆಯಲ್ಲಿ ಇಷ್ಟು ಗುಣ ತೋರಿಸಿದೆ ಎಂದು ಕನ್ನಡದಲ್ಲಿ ಒಂದು ಹಾಳೆ ಅಂಟಿಸುವುದಕ್ಕೆ ಚಕ್ರವರ್ತಿ ಬೇಕಾಗಿಲ್ಲ.

ಮಸ್ಕಿಯ ಆಚೆ ಮೆಣಸಿನಕಾಯಿ ಹೊಲದಲ್ಲಿ ಒಬ್ಬ ಯುವಕ ಆರು ಸಾಲುಗಳ ತುದಿಗೆ ಕೆಂಪು ದಾರ ಕಟ್ಟಿದ್ದ. ಅವನ ಬಳಿ ಹಳೆಯ ಟಾನಿಕ್ಕು ಸ್ವಲ್ಪ ಉಳಿದಿತ್ತಂತೆ. ಹೊಲಕ್ಕೆಲ್ಲ ಹೊಡೆದು ಈ ಆರು ಸಾಲಿಗೆ ಮಾತ್ರ ಹೊಡೆದಿರಲಿಲ್ಲ. ಕಾಯಿ ಬಿಡಿಸುವಾಗ ಬೇರೆ ಚೀಲಕ್ಕೆ ಹಾಕಿ ತೂಗುತ್ತಾನಂತೆ. ಯಾರು ಹೇಳಿಕೊಟ್ಟರು ಎಂದರೆ ನಕ್ಕ. "ಯಾರೂ ಹೇಳಿಲ್ರಿ ಸರ. ಬರೇ ಬಂದ್ ಆತು ಬಂದ್ ಆತು ಅಂತಾರ, ಯಾಕಂತ ಯಾರೂ ಹೇಳವಲ್ರು. ನಾನ ನೋಡೋಣಂತ ಬಿಟ್ಟೆ." ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾಲುಗಳ ಪಕ್ಕದ ತಗ್ಗನ್ನು ತೋರಿಸಿ ಹೇಳಿದ: "ಆದ್ರ ಈ ಕಡೀಗೆ ಮ್ಯಾಲಿನ ಹೊಲದ ಬಸಿನೀರು ಬರ್ತದ್ರಿ. ಹಸಿ ಜಾಸ್ತಿ. ಅದನ್ನ ಹ್ಯಾಂಗ ಲೆಕ್ಕಕ್ಕ ಹಿಡೀಬೇಕು?" ನನ್ನಲ್ಲಿ ಉತ್ತರ ಸಿದ್ಧವಾಗಿರಲಿಲ್ಲ. ಮುಂದಿನ ವರ್ಷ ಹೊಲದ ಬೇರೆ ಬೇರೆ ಕಡೆ ಎರಡೆರಡು ಸಾಲು ಬಿಡುವುದೋ, ಎಲ್ಲ ಒಂದೇ ಕಡೆ ಬಿಡುವುದೋ ಎಂದು ನಾವಿಬ್ಬರೂ ಬದುವಿನ ಮೇಲೆ ಕುಳಿತು ಬಹಳ ಹೊತ್ತು ಚರ್ಚಿಸಿದೆವು.